ಸರ್ವರ್ ತೆರೆದಿದ್ದೇನೆ, ಬಂದವರು ನಿಲ್ಲುತ್ತಿಲ್ಲ, ಏನು ಮಾಡಲಿ?

ತಿಂಗಳಿಗೊಬ್ಬರಾದರೂ ನನ್ನನ್ನು ಈ ಪ್ರಶ್ನೆ ಕೇಳುತ್ತಾರೆ. ಕೇಳುವವರು ಹೆಚ್ಚಾಗಿ ಕಾಲೇಜು ಹುಡುಗರು, ಅಪರೂಪಕ್ಕೆ ಶಾಲೆಯ ಐಟಿ ಕ್ಲಬ್ ನೋಡಿಕೊಳ್ಳುವ ಮೇಷ್ಟ್ರು. ಹತ್ತಾರು ಜನ ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ಆಡುವ ಆಟದಲ್ಲಿ ತಮ್ಮದೇ ಒಂದು ಲೋಕ, ಅಂದರೆ ಸರ್ವರ್, ಕಟ್ಟಿ, ನಾಲ್ಕು ಗೆಳೆಯರನ್ನು ಸೇರಿಸಿರುತ್ತಾರೆ. ಎರಡು ವಾರ ಗೌಜಿಯೋ ಗೌಜಿ. ಆಮೇಲೆ ಜಾತ್ರೆ ಮುಗಿದ ಗದ್ದೆಯ ಹಾಗೆ ಬಣಬಣ. "ನಿಮ್ಮಲ್ಲಿ ಮಾತ್ರ ಜನ ಹೇಗೆ ನಿಲ್ಲುತ್ತಾರೆ? ಜಾಹೀರಾತು ಕೊಡಬೇಕೇ?"

ನಮ್ಮಲ್ಲಿ ನಿಂತವರು ಇಪ್ಪತ್ತು ಚಿಲ್ಲರೆ ಜನ. ಇದನ್ನು ಯಶಸ್ಸು ಎಂದು ಕರೆಯಲು ಧೈರ್ಯ ಬೇಕು, ನನಗೆ ಆ ಧೈರ್ಯ ಇದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವಿನ ಮನೆಯಲ್ಲಿ ಕುಳಿತು ನಡೆಸುವ ಆಟಕ್ಕೆ ಪೆರ್ಲ, ಮುಳ್ಳೇರಿಯ, ಕುಂಬಳೆ, ಉಪ್ಪಳದಿಂದ ಜನ ಬರುತ್ತಾರೆ, ದುಬೈಯಿಂದಲೂ ಬರುತ್ತಾರೆ.

ಆಟದ ಹೆಸರು ಲುವಾಂಟಿ. ಫಿನ್ಲೆಂಡಿನ ಪೆರ್ಟು ಅಹೋಲಾ 2010ರಲ್ಲಿ ಮೈನ್‌ಟೆಸ್ಟ್ ಎಂಬ ಹೆಸರಿನಲ್ಲಿ ಶುರು ಮಾಡಿದ್ದು, 2024ರ ಅಕ್ಟೋಬರಿನಲ್ಲಿ ಹೆಸರು ಬದಲಾಯಿತು. ಒಂದೊಂದು ಮೀಟರಿನ ಘನಗಳಿಂದಾದ ಲೋಕ. ಅಗೆಯಬಹುದು, ಕಟ್ಟಬಹುದು. ದುಡ್ಡು ಕೊಡಬೇಕಾಗಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಮೊಬೈಲಿನಲ್ಲೂ ಓಡುತ್ತದೆ. ಕೇರಳದ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವೇ ರೂಢಿ. 2018ರಿಂದ ಲಿಟಲ್ ಕೈಟ್ಸ್ ಎಂಬ ಐಟಿ ಕ್ಲಬ್ಬುಗಳೂ ಇವೆ. ಹಾಗಾಗಿ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಲಿನಕ್ಸ್ ಎಂಬ ಸ್ವತಂತ್ರ ಕಾರ್ಯಾಚರಣೆ ವ್ಯವಸ್ಥೆ ಎಂದರೆ ಬೆಚ್ಚುವ ಸಂಗತಿಯಲ್ಲ.

ಉತ್ತರಕ್ಕೆ ಮೊದಲು ನನ್ನ ತಪ್ಪು. ಸರ್ವರ್ ತನ್ನಷ್ಟಕ್ಕೆ ಒಂದು ಲಾಗ್ ಕಡತ ಬರೆದಿಡುತ್ತದೆ. ಯಾರು ಎಷ್ಟು ಹೊತ್ತಿಗೆ ಬಂದರು, ಏನು ಬರೆದರು, ಯಾವಾಗ ಹೋದರು ಎಲ್ಲವೂ ಅದರಲ್ಲಿರುತ್ತದೆ. ಮೊದಲ ಎಂಟು ತಿಂಗಳು ನಾನು ಅದನ್ನು ಮುಟ್ಟಲಿಲ್ಲ. ಒಂದು ದಿನ ಆಟದೊಳಗೆ ಯಾರದೋ ಪೆಟ್ಟಿಗೆಯಿಂದ ವಜ್ರ ಹೋಗಿದೆ ಎಂದು ದೂರು ಬಂದದ್ದರಿಂದ ತೆರೆದೆ. ವಜ್ರ ಸಿಗಲಿಲ್ಲ, ಸಿಕ್ಕಿದ್ದು ಇದು. ಸಂಜೆ 4.12ಕ್ಕೆ ಒಂದು ಹೊಸ ಹೆಸರು ಒಳಗೆ ಬಂದಿದೆ. 4.13ಕ್ಕೆ "ಹಲೋ". 4.15ಕ್ಕೆ "ಯಾರಾದರೂ ಇದ್ದೀರಾ". 4.19ಕ್ಕೆ "ಇಲ್ಲಿ ಏನು ಮಾಡುವುದು". 4.21ಕ್ಕೆ ಹೊರಗೆ. ಕೆಳಗಿನ ಸಾಲಿನಲ್ಲಿ, 4.24ಕ್ಕೆ, ಇನ್ನೊಂದು ಹೊಸ ಹೆಸರು. ಅದೂ ಐದು ನಿಮಿಷ ನಿಂತು ಹೊರಟುಹೋಗಿದೆ. ಇಬ್ಬರೂ ಆಡಲೆಂದೇ ಬಂದವರು. ಮೂರು ನಿಮಿಷದ ಅಂತರದಲ್ಲಿ ಒಂದೇ ಖಾಲಿ ಅಂಗಳವನ್ನು ನೋಡಿ ಇಬ್ಬರೂ ಹಿಂದೆ ಹೋದರು. ನಾನೋ, ಜನ ಬರುವುದಿಲ್ಲ ಎಂದು ಎಂಟು ತಿಂಗಳಿನಿಂದ ಕೊರಗುತ್ತಿದ್ದೆ.

ಲೆಕ್ಕ ಹಾಕಿ ನೋಡಿ. ಹನ್ನೆರಡು ಜನ ಆಟಗಾರರು, ಒಬ್ಬೊಬ್ಬರು ದಿನಕ್ಕೆ ಒಂದು ಗಂಟೆ, ತಮತಮಗೆ ತೋಚಿದ ಹೊತ್ತಿನಲ್ಲಿ ಬರುತ್ತಾರೆ ಎಂದುಕೊಳ್ಳೋಣ. ಇಪ್ಪತ್ತನಾಲ್ಕು ಗಂಟೆಗೆ ಹನ್ನೆರಡು ಗಂಟೆಯ ಆಟ. ಸರಾಸರಿ ತೆಗೆದರೆ ಯಾವ ಕ್ಷಣದಲ್ಲೂ ಒಳಗಿರುವುದು ಅರ್ಧ ಮನುಷ್ಯ. ಹೊಸಬ ಬಂದಾಗ ಸೊನ್ನೆ ಕಾಣುವ ಸಾಧ್ಯತೆಯೇ ಹೆಚ್ಚು, ಸೊನ್ನೆ ಕಂಡವನು ನಿಲ್ಲುವುದಿಲ್ಲ, ಅವನು ನಿಲ್ಲದ್ದರಿಂದ ಮುಂದಿನವನಿಗೂ ಸೊನ್ನೆಯೇ. ಹನ್ನೆರಡು ಜನ ಕಡಿಮೆಯೇನಲ್ಲ. ತಾಳಮದ್ದಳೆಗೆ ಭಾಗವತರು, ಹಿಮ್ಮೇಳ, ಅರ್ಥಧಾರಿಗಳು ಎಲ್ಲ ಸೇರಿ ಅಷ್ಟೇ ಜನ ಸಾಕು. ಆದರೆ ಭಾಗವತರು ಬೆಳಿಗ್ಗೆ, ಮದ್ದಳೆಯವರು ಮಧ್ಯಾಹ್ನ, ಅರ್ಥಧಾರಿ ರಾತ್ರಿ ಬಂದರೆ ಪ್ರಸಂಗ ನಡೆಯುವುದು ಹೇಗೆ?

ಆದ್ದರಿಂದ ನನ್ನ ಉತ್ತರ ಇಷ್ಟೆ: ಒಂದು ಹೊತ್ತು ಗೊತ್ತು ಮಾಡಿ, ಆ ಹೊತ್ತಿಗೆ ನೀವು ಅಲ್ಲಿ ಇರಿ. ಜಾಹೀರಾತು, ಬಹುಮಾನ, ಆಟಕ್ಕೆ ಹೊಸತನ್ನು ಸೇರಿಸುವ ಮಾಡ್‌ಗಳು ಎಲ್ಲ ಆಮೇಲೆ.

ನಮ್ಮದು ಶನಿವಾರ ಸಂಜೆ ಐದು. ಮೊದಲು ಭಾನುವಾರ ಎಂದುಕೊಂಡಿದ್ದೆವು. ಕಾಸರಗೋಡಿನ ಮನೆ ಎಂದರೆ ಒಬ್ಬರಾದರೂ ಗಲ್ಫಿನಲ್ಲಿರುತ್ತಾರೆ. ಸೌದಿಯಲ್ಲಿ ರಜೆ ಶುಕ್ರವಾರ ಮತ್ತು ಶನಿವಾರ. ಯುಎಇಯಲ್ಲಿ 2022ರಿಂದ ಶನಿವಾರ ಮತ್ತು ಭಾನುವಾರ. ಎರಡು ಕಡೆಗೂ ಊರಿನ ಶಾಲೆಗೂ ಒದಗುವುದು ಶನಿವಾರ ಒಂದೇ. ಇಲ್ಲಿ ಐದಾದರೆ ದುಬೈಯಲ್ಲಿ ಮೂರೂವರೆ, ರಿಯಾದಿನಲ್ಲಿ ಎರಡೂವರೆ, ಊಟ ಮುಗಿದಿರುತ್ತದೆ. ಮೊದಲ ನಾಲ್ಕು ಶನಿವಾರ ನಾನು ಮತ್ತು ನನ್ನ ಚಿಕ್ಕಪ್ಪನ ಮಗ ಇಬ್ಬರೇ ಮುಖ ಮುಖ ನೋಡಿಕೊಂಡು ಕುಳಿತೆವು. ಐದನೆಯ ವಾರ ಮೂವರು ಬಂದರು. ಆ ನಾಲ್ಕು ವಾರ ಕೂರಲಾಗದವರು ಈ ಕೆಲಸಕ್ಕೆ ಕೈ ಹಾಕಬಾರದು. ಇದನ್ನು ಕೇಳಿದವರಲ್ಲಿ ಅರ್ಧ ಜನ ಮತ್ತೆ ಫೋನ್ ಮಾಡುವುದಿಲ್ಲ.

ಹೊತ್ತು ಗೊತ್ತಾದ ಮೇಲೆ ಬರುವುದು ಮೊದಲ ಕಾಲು ಗಂಟೆಯ ಮಾತು. ಇದರಲ್ಲೂ ನಾವು ಸರಿಯಾಗಿ ಎಡವಿದ್ದೇವೆ. ಹೊಸಬರು ಬಂದ ಕೂಡಲೇ ವಜ್ರದ ಗುದ್ದಲಿ, ನೂರು ಇಟ್ಟಿಗೆ, ರೊಟ್ಟಿಯ ರಾಶಿ ಉಡುಗೊರೆ ಕೊಡುತ್ತಿದ್ದೆವು. ಮದುಮಗನಿಗೆ ಕೊಟ್ಟ ಹಾಗೆ. ಅವರು ಥ್ಯಾಂಕ್ಸ್ ಹೇಳಿ ಹೋದವರು ಮತ್ತೆ ಬರಲಿಲ್ಲ. ಸಂಪಾದಿಸಬೇಕಾದ್ದನ್ನೆಲ್ಲ ಹೊಸ್ತಿಲಲ್ಲೇ ಕೊಟ್ಟರೆ ಒಳಗೆ ಮಾಡುವುದಕ್ಕೆ ಉಳಿಯುವುದೇನು? ಅದಕ್ಕೂ ಮೊದಲು ಇಪ್ಪತ್ತಮೂರು ನಿಯಮಗಳ ಫಲಕ ನೆಟ್ಟಿದ್ದೆವು, ಪಂಚಾಯತು ಕಚೇರಿಯ ನೋಟೀಸು ಬೋರ್ಡಿನಂತೆ. ಇನ್ನು ಹಳಬರಿಗೆ ಒಂದು ಚಟ: ಹೊಸಬನ ಕೈ ಹಿಡಿದು ತಮ್ಮ ಅರಮನೆ ತೋರಿಸುವುದು. ಇಪ್ಪತ್ತು ನಿಮಿಷ ಬೇರೆಯವರ ಮನೆಯ ಟೈಲ್ಸ್ ಹೊಗಳಿದ ಅತಿಥಿ ಮರುವಾರ ಯಾಕೆ ಬರುತ್ತಾನೆ?

ದಾರಿ ತೋರಿದ್ದು ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಸುತ್ತ ಬೆಳೆದವರಿಗೆ ಇದು ಹೊಳೆಯಲು ಇಷ್ಟು ತಡವಾದದ್ದೇ ನಾಚಿಕೆ. ತೆಂಕುತಿಟ್ಟಿನ ಮೇಳಕ್ಕೆ ಸೇರಿದ ಹುಡುಗನನ್ನು ವರ್ಷಗಟ್ಟಲೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಿಡಾರದಲ್ಲಿ, ಸುಮ್ಮನೆ ಕೂರಿಸುವುದಿಲ್ಲ, ಮೊದಲ ದಿನವೇ ಕರ್ಣನ ಪಾತ್ರವನ್ನೂ ಕೊಡುವುದಿಲ್ಲ. ಪೂರ್ವರಂಗದಲ್ಲಿ ಕೋಡಂಗಿ ವೇಷ ಕಟ್ಟಿಸುತ್ತಾರೆ, ಆಮೇಲೆ ಬಾಲಗೋಪಾಲ. ತಪ್ಪಿದರೂ ಪ್ರಸಂಗ ಕೆಡುವುದಿಲ್ಲ, ಆದರೆ ನಿಂತದ್ದು ನಿಜವಾದ ರಂಗಸ್ಥಳದ ಮೇಲೆ, ಕುಣಿದದ್ದು ನಿಜವಾದ ಚೆಂಡೆಗೆ. ನಮಗೂ ಒಂದು ಕೋಡಂಗಿ ವೇಷ ಬೇಕಿತ್ತು.

ಅದು ಸುರಂಗದಲ್ಲಿ ಸಿಕ್ಕಿತು. ಕಾಸರಗೋಡಿನ ಹೊರಗಿನವರಿಗೆ ಹೇಳಬೇಕು: ನಮ್ಮ ಗುಡ್ಡಗಳ ಮುರಕಲ್ಲಿಗೆ, ಅಂದರೆ ಜಂಬಿಟ್ಟಿಗೆ, ಅಡ್ಡಲಾಗಿ ತೋಡಿದ, ಒಬ್ಬ ಮನುಷ್ಯ ನಡೆಯುವಷ್ಟೇ ಅಗಲದ ನೀರಿನ ಗುಹೆಗೆ ಸುರಂಗ ಎನ್ನುತ್ತಾರೆ. ಒಳಗೆ ಜಿನುಗಿದ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪು ಬೇಡ. ಬಾಯಾರು ಕಡೆಯ ಗುಡ್ಡಗಳಲ್ಲಿ ಇವು ಧಾರಾಳ. ಆಟದಲ್ಲಿ ಗುಡ್ಡ ಇತ್ತು, ಗುದ್ದಲಿ ಇತ್ತು. ಮುರಕಲ್ಲು ಇರಲಿಲ್ಲ, ಮರುಭೂಮಿಯ ಕೆಂಗಲ್ಲನ್ನೇ ಮುರಕಲ್ಲು ಎಂದುಕೊಂಡೆವು. ಆಟದ ಮನುಷ್ಯ ನುಸುಳಲು ಎರಡು ಘನ ಎತ್ತರ, ಒಂದು ಘನ ಅಗಲ ಬೇಕು. ನಿಜವಾದ ಸುರಂಗವೂ ಅದರ ಆಸುಪಾಸಿನದ್ದೇ.

ತೊಡಕು ಬಂದದ್ದು ನೀರಿನಲ್ಲಿ. ಆಟದ ನೀರು ಸಮತಟ್ಟಿನಲ್ಲಿ ಎಂಟು ಘನ ಹರಿದು ನಿಂತುಬಿಡುತ್ತದೆ. ಒಂದು ಮೆಟ್ಟಿಲು ಕೆಳಗೆ ಬಿದ್ದರೆ ಮತ್ತೆ ನಾಲ್ಕು ಘನಕ್ಕೆ ಜೀವ ಬರುತ್ತದೆ. ಹಾಗಾಗಿ ಬಾಯಿಯಿಂದ ಒಳಕ್ಕೆ ತೋಡುವವನು ನಾಲ್ಕು ಕಡಿದ ಮೇಲೆ ಒಂದು ಏರಬೇಕು. ಹೊಸಬರಿಗೆ ಇದೇ ಕೆಲಸ: ನಾಲ್ಕು ಕಡಿ, ಒಂದು ಏರು, ಗೋಡೆಗೊಂದು ಪಂಜು ಸಿಕ್ಕಿಸು. ಕಲಿಯಲು ಎರಡು ನಿಮಿಷ. ತಪ್ಪಿದರೆ ಕಲ್ಲು ಮತ್ತೆ ಇಟ್ಟರಾಯಿತು. ಪಕ್ಕದಲ್ಲಿ ಇನ್ನೊಬ್ಬ ಕಲ್ಲು ಹೊರುತ್ತಿರುತ್ತಾನೆ, ಅವನೊಡನೆ ಮಾತು ತಾನಾಗಿ ಹುಟ್ಟುತ್ತದೆ. ಮುಖ್ಯವಾಗಿ, ತಾನು ಕಡಿದ ನಾಲ್ಕು ಘನ ಮುಂದಿನ ವಾರವೂ ಅಲ್ಲೇ ಇರುತ್ತದೆ.

ನೆರೆಮನೆಯ ಅಜ್ಜ ಪ್ರಾಯದಲ್ಲಿ ಸುರಂಗ ತೋಡಿದವರು. ಒಂದು ಶನಿವಾರ ಜಗಲಿಯಲ್ಲಿ ಕೂತಿದ್ದವರಿಗೆ ಪರದೆ ತೋರಿಸಿದೆ. ಕನ್ನಡಕ ಮೇಲೆತ್ತಿ, ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಇಷ್ಟು ಏರು ಕೊಟ್ಟರೆ ನೀರಿನ ಒಟ್ಟಿಗೆ ಮಣ್ಣೂ ಇಳಿದು ಬರುತ್ತದೆ" ಎಂದರು. ಮತ್ತೆ ಪಂಜುಗಳ ಸಾಲು ನೋಡಿ, "ಮೊಂಬತ್ತಿ ಇಟ್ಟದ್ದು ಒಳ್ಳೆಯದಾಯಿತು. ಅದು ಮಂಕಾದರೆ ಗಾಳಿ ಇಲ್ಲ ಎಂದು ಅರ್ಥ, ಹೊರಗೆ ಬಂದುಬಿಡಬೇಕು." ಇದನ್ನು ಆಟದೊಳಗೆ ಬರೆದು ಹಾಕಿದಾಗ ಮಕ್ಕಳು ಒಂದು ಕ್ಷಣ ಗುದ್ದಲಿ ನಿಲ್ಲಿಸಿದರು. ಗುಡ್ಡದ ಹೊಟ್ಟೆಯಲ್ಲಿ ಕೊನೆಗೆ ನಾವು ಬಾಲ್ದಿಯಿಂದ ನೀರು ಸುರಿದದ್ದನ್ನು ಮಾತ್ರ ಅಜ್ಜನಿಗೆ ಇವತ್ತಿಗೂ ಹೇಳಿಲ್ಲ.

ಭಾಷೆಯ ವಿಷಯ ಬೇರೆಯೇ ಹೇಳಬೇಕು. ಕನ್ನಡದ ಲೋಕ ಕಟ್ಟಬೇಕು ಎಂಬ ಹುಮ್ಮಸ್ಸಿನಲ್ಲಿ ಬಾಗಿಲಲ್ಲೇ "ಸ್ವಾಗತ" ಎಂದು ಫಲಕ ಬರೆದೆ. ಈ ಆಟಕ್ಕೆ ನಮ್ಮ ಲಿಪಿಗಳ ಜೋಡಣೆ ಬರುವುದಿಲ್ಲ. ಒತ್ತು ಅಕ್ಷರದ ಕೆಳಗೆ ಇಳಿಯದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ, ಗುಣಿತ ಚಿಹ್ನೆಗಳು ಒಂದರ ಮೈಮೇಲೆ ಒಂದು ಬೀಳುತ್ತವೆ. ನನ್ನ ಸ್ವಾಗತ ಬಸ್ಸಿನಿಂದ ಬಿದ್ದವರಂತೆ ಕಾಣುತ್ತಿತ್ತು. ಕೊನೆಗೆ ಕನ್ನಡದ ಬರಹವನ್ನು ಚಿತ್ರವಾಗಿ ಮಾಡಿ, ಆ ಚಿತ್ರವನ್ನೇ ಒಂದು ಘನದ ಮುಖಕ್ಕೆ ಅಂಟಿಸಿದೆವು. ಅದು ಚೆನ್ನಾಗಿ ನಿಂತಿತು.

ಮಾತುಕತೆಗೆ ಚಿತ್ರ ನಡೆಯುವುದಿಲ್ಲ. ನಮ್ಮಲ್ಲಿ ಬರುವವರ ಮನೆಮಾತು ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ. ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತದೆ, ಲಿಪಿ ತಿಳಿಯುವುದಿಲ್ಲ. ಮಲಯಾಳ ಮಾಧ್ಯಮದಲ್ಲಿ ಓದಿದ ತುಳು ಹುಡುಗನಿಗೆ ಕನ್ನಡ ಪೂರ್ತಿ ಅರ್ಥವಾದರೂ ಓದಲು ಬಾರದು. ಹಾಗಾಗಿ ಎಲ್ಲರೂ ಇಂಗ್ಲಿಷ್ ಅಕ್ಷರಗಳಲ್ಲಿ ತಮ್ಮ ಮಾತನ್ನೇ ಬರೆಯುತ್ತಾರೆ. ಕನ್ನಡದ ಅಭಿಮಾನಿಗಳು ಇದಕ್ಕಾಗಿ ನನ್ನನ್ನು ಬೈದಿದ್ದಾರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇಲ್ಲಿ ಕನ್ನಡ ಉಳಿಸಿಕೊಳ್ಳಲು ಪಟ್ಟ ಪಾಡು ನನ್ನ ಮನೆಯದ್ದೂ ಹೌದು, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ, ಉಪ್ಪಳದ ಹುಡುಗ "ಇಲ್ಲಿ ಕಡಿಯಲೇ" ಎಂದು ತಪ್ಪು ಕಾಗುಣಿತದಲ್ಲಿ ಕೇಳಿದರೆ ನಾನು ಕಾಗುಣಿತ ತಿದ್ದುವುದಿಲ್ಲ, ಹೌದು ಕಡಿ ಎನ್ನುತ್ತೇನೆ.

ಹಾಳು ಮಾಡುವವರ ಬಗ್ಗೆ ಎಲ್ಲರೂ ವಿಪರೀತ ಹೆದರುತ್ತಾರೆ. ಲುವಾಂಟಿಯಲ್ಲಿ ಹೊಸಬರಿಗೆ ಮಾತಾಡುವ ಅನುಮತಿ ಮಾತ್ರ ಕೊಟ್ಟು, ಘನ ಮುಟ್ಟುವ ಅನುಮತಿ ತಡೆಹಿಡಿಯಬಹುದು. ಬಹಳ ಕಡೆ ಹಾಗೆ ಮಾಡುತ್ತಾರೆ. ನನಗೆ ಅದು ಊಟಕ್ಕೆ ಕರೆದು ಎಲೆ ಹಾಕದ ಹಾಗೆ ಕಾಣುತ್ತದೆ. ನಾವು ಎರಡೂ ಅನುಮತಿ ಮೊದಲ ಕ್ಷಣದಲ್ಲೇ ಕೊಡುತ್ತೇವೆ, ಕಟ್ಟಿ ಮುಗಿದ ಜಾಗಗಳಿಗೆ ಮಾತ್ರ ರಕ್ಷಣೆ ಹಾಕುತ್ತೇವೆ, ಯಾರು ಯಾವ ಘನ ತೆಗೆದರು ಎಂಬ ದಾಖಲೆಯನ್ನು ಆನ್ ಮಾಡಿಟ್ಟಿದ್ದೇವೆ. ಒಬ್ಬ ಒಮ್ಮೆ ಸುರಂಗದ ಬಾಯಿಗೆ ಲಾವಾ ಸುರಿದ. ಹಿಂದಿನ ಸ್ಥಿತಿಗೆ ತರಲು ಹತ್ತು ನಿಮಿಷವೂ ಬೇಕಾಗಲಿಲ್ಲ. ನಿಜವಾಗಿ ಕಟ್ಟುನಿಟ್ಟು ಇರುವುದು ಒಂದೇ ಕಡೆ: ದೊಡ್ಡವರು ಮಕ್ಕಳೊಡನೆ ಖಾಸಗಿ ಸಂದೇಶದಲ್ಲಿ ಮಾತಾಡುವಂತಿಲ್ಲ, ಏನಿದ್ದರೂ ಎಲ್ಲರೆದುರು. ಇಪ್ಪತ್ತಮೂರು ನಿಯಮಗಳಲ್ಲಿ ಉಳಿದದ್ದು ಇದು ಮತ್ತು ಬೈಗುಳ ಬೇಡ ಎಂಬುದು.

ಓದಿಕೊಂಡವರು ರಿಚರ್ಡ್ ಬಾರ್ಟಲ್ ಹೆಸರು ಹೇಳುತ್ತಾರೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿದ ಮಡ್ ಎಂಬ ಬರಹದ ಆಟವನ್ನು ಮುಂದುವರಿಸಿದ ಬಾರ್ಟಲ್, 1996ರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸಾಧಿಸುವವರು, ಹುಡುಕುವವರು, ಹರಟುವವರು, ಇತರರ ಮೇಲೆ ಬೀಳುವವರು. ವಿಂಗಡಣೆ ಚೆನ್ನಾಗಿದೆ. ಇಪ್ಪತ್ತು ಜನರಿಗೆ ಅದು ಅತಿಯಾಯಿತು. ನಮ್ಮಲ್ಲಿ ಹರಟುವವರೇ ಕಲ್ಲನ್ನೂ ಹೊರುತ್ತಾರೆ. ಸಾರ್ವಜನಿಕ ಸರ್ವರ್ ಪಟ್ಟಿಗೆ ಹೆಸರು ಸೇರಿಸುವುದೂ ಹಾಗೆಯೇ, ವಾರದ ಹೊತ್ತು ಗಟ್ಟಿಯಾಗುವ ಮೊದಲು ಸೇರಿಸಿದರೆ ಖಾಲಿ ಅಂಗಳವನ್ನು ಪ್ರಪಂಚಕ್ಕೆಲ್ಲ ತೋರಿಸಿದ ಹಾಗಾಗುತ್ತದೆ. ಮಾಡ್‌ಗಳ ರಾಶಿಯೂ ಬೇಡ. ಮೊದಲ ಬಾರಿ ಬರುವವನ ಮೊಬೈಲಿಗೆ ಅವುಗಳ ಚಿತ್ರ, ಶಬ್ದ ಎಲ್ಲ ಸರ್ವರಿನಿಂದ ಇಳಿಯಬೇಕು. ಮಳೆಗಾಲದ ಸಿಗ್ನಲ್ಲಿನಲ್ಲಿ ಅವನು ಬಾಗಿಲ ಹೊರಗೇ ನಿಂತು ಬೇಸತ್ತು ಹೋಗುತ್ತಾನೆ. ನಾವು ನಲವತ್ತು ಇದ್ದದ್ದನ್ನು ಒಂಬತ್ತಕ್ಕೆ ಇಳಿಸಿದೆವು, ಹೋದದ್ದು ಯಾವುದೆಂದು ಯಾರೂ ಕೇಳಲಿಲ್ಲ.

ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂದರೆ ನಾಲ್ಕೇ ಜನ ಉಳಿಯುತ್ತೇವೆ. ಆಗಲೂ ಐದಕ್ಕೆ ಸರಿಯಾಗಿ ಸೇರುತ್ತೇವೆ. ಎರಡು ವರ್ಷದ ಹಿಂದೆ ನನಗೆ ಜ್ವರ ಬಂದು ಮೂರು ಶನಿವಾರ ತಪ್ಪಿತು, ಹಿಂದಿರುಗಿ ನೋಡಿದರೆ ಅರ್ಧ ಜನ ಚದುರಿಹೋಗಿದ್ದರು. ಅಂದಿನಿಂದ ಸರ್ವರಿನ ಅಧಿಕಾರ ಮೂವರ ಕೈಯಲ್ಲಿದೆ, ಅವರಲ್ಲಿ ಇಬ್ಬರು ಕೋಡಂಗಿಗಳಾಗಿ ಬಂದವರೇ.

ಕಳೆದ ಶನಿವಾರ ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಮುಗಿಯುವಾಗ ತಡವಾಯಿತು. ಕೈ ತೊಳೆದು ಐದೂ ಇಪ್ಪತ್ತಕ್ಕೆ ಒಳಗೆ ಬಂದೆ. ಸುರಂಗ ಎಂಬತ್ತು ಘನ ದಾಟಿತ್ತು. ಎರಡು ವಾರದ ಹಿಂದೆಯಷ್ಟೇ ಬಂದ ಕುಂಬಳೆಯ ಹುಡುಗ, ಅಂದು ಬಂದ ಇನ್ನೊಬ್ಬನಿಗೆ ಹೇಳುತ್ತಿದ್ದ: ನಾಲ್ಕು ಕಡಿ, ಒಂದು ಏರು, ಪಂಜು ಮರೆಯಬೇಡ. ನಾನು ತಡವಾಗಿ ಬಂದದ್ದನ್ನು ಯಾರೂ ಗಮನಿಸಲಿಲ್ಲ.