ಹಳೆಯ ಚರ್ಚಿನ ಗೋಡೆಗೆ ನಾನು ಸಿಮೆಂಟ್ ಹೊಡೆಸಿದೆ

ಕೊಡಗಿನ ಒಂದು ಪೇಟೆಯಲ್ಲಿ ಹಳೆಯ ಚರ್ಚಿನ ಜಾಗದಲ್ಲಿ ಮನೆ ಕಟ್ಟುವ ಕೆಲಸಕ್ಕೆ ನಾನು ಸೈಟ್ ಎಂಜಿನಿಯರ್. ಸಭೆಯವರು ಬೇರೆ ಕಡೆ ಹೊಸ ಚರ್ಚು ಕಟ್ಟಿಕೊಂಡಿದ್ದರು, ಹಳೆಯದಕ್ಕೆ ಎಷ್ಟೋ ವರ್ಷಗಳಿಂದ ಬೀಗ. ಕಟ್ಟಡ ಕೆಡವಬಾರದು, ಅದರೊಳಗೆ ನಾಲ್ಕು ಮನೆ, ಹಿಂದಿನ ಖಾಲಿ ಜಾಗದಲ್ಲಿ ಎಂಟು ಅಂತ ಮಾತಾಗಿತ್ತು. ಕೆಡವಬಾರದು ಅನ್ನುವ ಷರತ್ತು ನೋಡಿಯೇ ನಾನು ಈ ಕೆಲಸಕ್ಕೆ ಬಂದೆ.

ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚು ನೋಡಿದ್ದೀರಲ್ವಾ? 1859ರಲ್ಲಿ ಕಟ್ಟಿದ್ದು, ಈಗ ಸರ್ಕಾರಿ ಮ್ಯೂಸಿಯಂ. ಮ್ಯೂಸಿಯಂಗೆ ಒಂದೇ ದೊಡ್ಡ ಹಾಲ್ ಇದ್ದರೂ ನಡೆಯುತ್ತದೆ. ಮನೆಗೆ ಅಡುಗೆಮನೆ, ಬಚ್ಚಲು, ಪೈಪು, ಮೇಲೊಂದು ಮಹಡಿ ಎಲ್ಲಾ ಬೇಕು. ಆ ಮಹಡಿಯ ಭಾರವನ್ನು ಹಳೆಯ ಗೋಡೆಯ ಮೇಲೆ ಹಾಕಲಿಲ್ಲ. ಒಳಗೆ ಬೇರೆಯೇ ಪಾಯ ತೆಗೆದು ಕಬ್ಬಿಣದ ಕಂಬ ನಿಲ್ಲಿಸಿದೆವು, ಕಿಟಕಿ ಇರುವಲ್ಲಿ ಮಹಡಿಯನ್ನು ಎರಡು ಅಡಿ ಹಿಂದಕ್ಕೇ ನಿಲ್ಲಿಸಿದೆವು. ಉದ್ದ ಕಮಾನು ಕಿಟಕಿಯ ಬೆಳಕು ಈಗಲೂ ಮೇಲಿನಿಂದ ನೆಲದವರೆಗೆ ಇಳಿಯುತ್ತದೆ. ಅದನ್ನು ನೋಡಿದಾಗೆಲ್ಲ ನನಗೆ ಖುಷಿಯಾಗುತ್ತದೆ.

ತಪ್ಪಿದ್ದು ಗಿಲಾವಿನಲ್ಲಿ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಒಳಗೆ ಮಣ್ಣು, ಮೇಲೆ ಸುಣ್ಣದ ಗಾರೆ. ಏಪ್ರಿಲ್‌ನಲ್ಲಿ ಹಳೆಯ ಗಾರೆ ಉದುರಿಸಿದಾಗ ನಮ್ಮ ಹಿರಿಯ ಮೇಸ್ತ್ರಿ, "ಸಾರ್, ಇದಕ್ಕೆ ಗಾರೆನೇ ಹಾಕೋಣ" ಅಂದರು. ಸುಣ್ಣ ನೆನೆಸಿ ಗುಂಡಿಯಲ್ಲಿ ವಾರಗಟ್ಟಲೆ ಇಡಬೇಕು, ಮರಳು ಸೇರಿಸಿ ಅರೆಯಬೇಕು, ಒಂದು ಪದರ ಒಣಗುವವರೆಗೆ ಇನ್ನೊಂದನ್ನು ಮುಟ್ಟುವಂತಿಲ್ಲ, ಜೂನ್‌ಗೆ ಮಳೆ ಬಂದೇ ಬಿಡುತ್ತದೆ. ನನಗೆ ಸಮಯ ಇರಲಿಲ್ಲ. ಎರಡು ವಾರದಲ್ಲಿ ಸಿಮೆಂಟ್ ಹೊಡೆಸಿ ಬಣ್ಣ ಬಳಿಸಿದೆ.

ಆಗಸ್ಟ್‌ನಲ್ಲಿ ಒಳಗೋಡೆಯ ಬಣ್ಣ ಗುಳ್ಳೆ ಎದ್ದಿತು. ಮೊಣಕಾಲೆತ್ತರಕ್ಕೆ ಬಿಳಿ ಉಪ್ಪು, ಕಪಾಟಿನ ಹಿಂದೆ ಬೂಷ್ಟು. ಮೇಸ್ತ್ರಿ ಗೋಡೆ ತಟ್ಟಿದರು, ಟೊಳ್ಳು ಸದ್ದು. ಉಳಿಯಿಂದ ಒಂದು ತುಂಡು ಎಬ್ಬಿಸಿ ನನ್ನ ಕೈಯನ್ನು ಒಳಗಿನ ಮಣ್ಣಿಗೆ ಒತ್ತಿದರು. ಪೂರ್ತಿ ಹಸಿ. "ಈ ಗೋಡೆ ಮಳೆಗಾಲದಲ್ಲಿ ನೀರು ಕುಡೀತದೆ ಸಾರ್, ಬಿಸಿಲಿಗೆ ಬಿಡ್ತದೆ. ನಾವು ಬಿಡೋ ದಾರಿ ಮುಚ್ಚಿಬಿಟ್ವಿ." ಸುಣ್ಣದ ಮೂಲಕ ತೇವ ಹೊರಗೆ ಹೋಗುತ್ತದೆ, ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ. ಓದುವಾಗ ಈ ಮಾತು ಒಂದು ಸಾಲಲ್ಲಿ ಬಂದು ಹೋಗಿತ್ತು. ಅವರು "ನಾವು" ಅಂದರು, ಆದರೆ ಮಾಡಿದ್ದು ನಾನೊಬ್ಬನೇ.

ಎಲ್ಲಾ ಸಿಮೆಂಟ್ ಕಿತ್ತೆವು. ಆಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಇಷ್ಟು ವರ್ಷಗಳಲ್ಲಿ ಹೊರಗಿನ ಮಣ್ಣು ಏರಿ ಏರಿ ಒಳನೆಲಕ್ಕಿಂತ ಎತ್ತರವಾಗಿತ್ತು, ಗೋಡೆಯ ಬುಡ ನೀರಲ್ಲೇ ನಿಂತಿತ್ತು. ಸುತ್ತಲೂ ಮಣ್ಣು ತೆಗೆಸಿ ಚರಂಡಿ ಮಾಡಿ, ಹೆಂಚಿನ ಅಂಚಿಗೆ ಮಳೆನೀರು ಹರಿದುಹೋಗುವ ಹೊಸ ದೋಣಿ ಕಟ್ಟಿದೆವು. ತುಲಾ ಸಂಕ್ರಮಣ ಕಳೆದು ಮಳೆ ಇಳಿದ ಮೇಲೆ ಗಾರೆ ಶುರು. ಮೇಸ್ತ್ರಿ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ತಾವೇ ಕಲೆಸಿದರು. ಎರಡು ತಿಂಗಳು ಹೋಯಿತು, ದುಡ್ಡೂ ಹೋಯಿತು, ಮಾಲೀಕರ ಮುಂದೆ ತಲೆ ತಗ್ಗಿಸಿ ನಿಂತೆ.

ಇದಕ್ಕಿಂತ ದೊಡ್ಡ ತಪ್ಪೊಂದು ಆಗುವುದರಲ್ಲಿತ್ತು. ಹಿಂದಿನ ಜಾಗದಲ್ಲಿ ಒಂದು ಸಾಲು ಕಲ್ಲು ಇದ್ದವು, ಸರ್ವೆ ನಕ್ಷೆಯಲ್ಲಿ ಸುಮ್ನೆ "ಬಿಡಿ ಕಲ್ಲು" ಅಂತ ಬರೆದಿತ್ತು. ಕೆಲಸ ಶುರುವಾದ ವಾರವೇ ವಯಸ್ಸಾದ ಒಬ್ಬರು ಬಂದು, "ಮಗಾ, ನವೆಂಬರ್ 2ಕ್ಕೆ ಗೇಟ್ ತೆಗೀತೀರಲ್ವಾ? ಮೇಣದಬತ್ತಿ ಹಚ್ಚಬೇಕು" ಅಂದರು. ಅದು ಸತ್ತವರನ್ನು ನೆನೆಯುವ ದಿನ. ಆ ಕಲ್ಲುಗಳು ಹೆಸರಿಲ್ಲದ ಸಮಾಧಿಗಳು, ಒಂದರ ಕೆಳಗೆ ಅವರ ಅಜ್ಜಿ ಇದ್ದಾರೆ. ಅಷ್ಟು ಹೊತ್ತಿಗೆ ನಾನು ಅಲ್ಲೇ ಪಾಯಕ್ಕೆ ಸುಣ್ಣದ ಗೆರೆ ಎಳೆಸಿದ್ದೆ. ಅವತ್ತೇ ಅಳಿಸಿದೆ. ಹಿಂದೆ ಈಗ ಎಂಟಲ್ಲ, ಏಳು ಮನೆ. ನಕ್ಷೆಗಿಂತ ಮೊದಲು ಊರಿನ ಹಿರಿಯರನ್ನು ಜಾಗಕ್ಕೆ ಕರೆದು ಒಂದು ಸುತ್ತು ಹಾಕಿಸಬೇಕಿತ್ತು. ಮುಂದಿನ ಕೆಲಸದಲ್ಲಿ ಅದನ್ನೇ ಮೊದಲು ಮಾಡುತ್ತೇನೆ.

ಉತ್ತರದ ಗೋಡೆ ಇನ್ನೂ ಬಾಕಿ ಇದೆ. ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಜೋರಾದರೆ ಆಳು ಸಿಗುವುದಿಲ್ಲ, ನಮ್ಮ ಮೇಸ್ತ್ರಿಗೂ ವಯಸ್ಸಾಯಿತು. ಅವರ ಜೊತೆ ನಿಂತು ಗಾರೆ ಕೆಲಸ ಕಲಿಯುವ ಹುಡುಗರು ಮಡಿಕೇರಿ, ಸೋಮವಾರಪೇಟೆ ಕಡೆ ಯಾರಾದರೂ ಇದ್ದರೆ ಹೇಳಿ. ದಿನಗೂಲಿ ಪೂರ್ತಿ ಕೊಡುತ್ತೇವೆ.