ಅಚ್ಚು ಕೊಳ್ಳುವ ಮೊದಲು ನಳಿಗೆ ಅಳೆದೆವು

ಗುಂಡು ಎರಕ ಹೊಯ್ಯುವ ಅಚ್ಚು ಕೊಳ್ಳಲು ಹೊರಟವರು ಮೊದಲು ಬೆಲೆ ನೋಡುತ್ತಾರೆ, ಆಮೇಲೆ ಕಂಪನಿ ಹೆಸರು, ಆಮೇಲೆ ಗುಂಡಿನ ಆಕಾರ. ತಮ್ಮ ರಿವಾಲ್ವರಿನ ನಳಿಗೆಯ ಒಳ ಅಗಲ ಎಷ್ಟಿದೆ ಅಂತ ಅಳೆದು ನೋಡುವವರು ಕಡಿಮೆ. ನನಗೆ ಇದನ್ನು ಮನದಟ್ಟು ಮಾಡಿಸಿದವರು ಅಮೆರಿಕದ ಓಹಾಯೋದಲ್ಲಿರುವ ನಮ್ಮ ಶೂಟಿಂಗ್ ಕ್ಲಬ್ಬಿನ ಹಿರಿಯರೊಬ್ಬರು. ಜೀವನವಿಡೀ ಲೇತ್ ಮುಂದೆ ನಿಂತು ಕೆಲಸ ಮಾಡಿ ನಿವೃತ್ತರಾದವರು. ಒಂದು ಇಂಚಿನ ಸಾವಿರದಲ್ಲಿ ಒಂದು ಪಾಲು ಅಂದರೆ ಅವರಿಗೆ ದೊಡ್ಡ ಅಳತೆ.

ನಾನು ಕೊಡಗಿನವನು. ನಮ್ಮಲ್ಲಿ ಕೋವಿ ಹೊಸದೇನಲ್ಲ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೊಡವರಿಗೂ ತಲೆಮಾರಿನಿಂದ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ 10 ವರ್ಷಕ್ಕೆ ಮುಂದುವರಿಸಿತು. ಆದರೆ ಊರಲ್ಲಿ ನಾನು ಹಿಡಿದದ್ದೆಲ್ಲ ಒಂಟಿನಳಿಗೆ, ಜೋಡುನಳಿಗೆ ಕೋವಿಗಳೇ. ತೋಟೆಯೂ ಅಂಗಡಿಯದ್ದೇ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಊರಿನ ಯಾರೂ ಇದನ್ನು ಓದಿ ಮನೆಯಲ್ಲಿ ಸೀಸ ಕರಗಿಸಲು ಹೋಗಬೇಡಿ.

ಇಲ್ಲಿನ ಕಾನೂನು ಬೇರೆ. ಎಚ್‌-1ಬಿ ವೀಸಾದಲ್ಲಿದ್ದಷ್ಟು ಕಾಲ ನಾನು ಬಂದೂಕಿನ ತಂಟೆಗೇ ಹೋಗಲಿಲ್ಲ. ಆ ವೀಸಾದವರಿಗೆ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳುವ ಹಾಗೇ ಇಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಕ್ಲಬ್ ಸೇರಿ ಹಳೆಯದೊಂದು ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಕೊಂಡೆ. ಅದರ ತೋಟೆಯ ಅಳತೆ .38 ಸ್ಪೆಷಲ್. ಕಾಗದದ ಗುರಿಗೆ ಹೊಡೆಯುವುದಕ್ಕೆ ಅಷ್ಟೇ. ಸ್ವಂತಕ್ಕೆ ಗುಂಡು ಹೊಯ್ದುಕೊಳ್ಳಲು ಇಲ್ಲಿ ಫೆಡರಲ್ ಲೈಸೆನ್ಸ್ ಬೇಡ. ಮಾರುವ ವ್ಯವಹಾರಕ್ಕೆ ಇಳಿದರೆ ಬೇಕು.

ಊರಿಗೆ ಫೋನ್ ಮಾಡಿದಾಗ ಚಿಕ್ಕಪ್ಪ ಕೇಳಿದರು, ‘ಅಲ್ಲಪ್ಪಾ, ಅಮೆರಿಕದಲ್ಲಿ ಅಂಗಡಿಯಲ್ಲಿ ತೋಟೆ ಸಿಗಲ್ವಾ?’

‘ಸಿಗುತ್ತೆ ಚಿಕ್ಕಪ್ಪ. ಆದ್ರೆ ನನ್ನ ರಿವಾಲ್ವರಿಗೆ ಅಂತಲೇ ಮಾಡಿದ್ದು ಸಿಗಲ್ಲ.’

ಅವರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ನಾನು ಎರಕಕ್ಕೆ ಇಳಿದದ್ದು ನಿಜವಾಗಿ ಈ ಕಾರಣಕ್ಕೇ. ದುಡ್ಡು ಉಳಿಯುತ್ತದೆ, ಹೌದು. ಆದರೆ ಕಾರ್ಖಾನೆಯ ಗುಂಡು ಎಲ್ಲರ ಬಂದೂಕಿನಲ್ಲೂ ಹೋಗಬೇಕಲ್ವಾ? ಹಾಗಾಗಿ ಯಾರದ್ದಕ್ಕೂ ಸರಿಯಾಗಿ ಕೂರುವುದಿಲ್ಲ. ಮನೆಯಲ್ಲಿ ಹೊಯ್ದದ್ದನ್ನು ಕೂರಿಸಬಹುದು. ಅಂದ ಹಾಗೆ, ನಾನು ಹೇಳುತ್ತಿರುವುದು ತೋಟೆಯ ತುದಿಯಲ್ಲಿ ಕೂರುವ ಸೀಸದ ಗುಂಡಿನ ಬಗ್ಗೆ ಮಾತ್ರ. ಮದ್ದು, ಕೇಪು, ಹಿತ್ತಾಳೆಯ ಕೇಸು ಎಲ್ಲ ಅಂಗಡಿಯಿಂದಲೇ ಬರುತ್ತವೆ.

ಒಂದು ಶನಿವಾರ ಬೆಳಿಗ್ಗೆ ಹಿರಿಯರ ಗ್ಯಾರೇಜಿಗೆ ಹೋದೆ. ಅಚ್ಚುಗಳ ಕ್ಯಾಟಲಾಗ್ ಕೈಯಲ್ಲೇ ಇತ್ತು. ಅವರು ಅದನ್ನು ಇಸಿದುಕೊಂಡು ಪಕ್ಕಕ್ಕಿಟ್ಟರು. ‘ರಿವಾಲ್ವರ್ ತಂದಿದ್ದೀಯಾ?’ ಅಂತ ಮಾತ್ರ ಕೇಳಿದರು. ಖಾಲಿ ಇದೆಯಾ ಅಂತ ಅವರೂ ನೋಡಿದರು, ನಾನೂ ನೋಡಿದೆ.

ಆಮೇಲೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೀನಿನ ಗಾಳಕ್ಕೆ ಕಟ್ಟುವ ಮೆತ್ತನೆ ಸೀಸದ ತುಂಡೊಂದನ್ನು ತೆಗೆದುಕೊಂಡರು. ನಳಿಗೆಯ ರಂಧ್ರಕ್ಕಿಂತ ಕೂದಲೆಳೆಯಷ್ಟು ದಪ್ಪ. ನಳಿಗೆಗೆ ಒಂದು ಹನಿ ಎಣ್ಣೆ ಬಿಟ್ಟು, ಸೀಸವನ್ನು ಅದರ ಬಾಯಿಗೆ ಇಟ್ಟು ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿದರು. ಸುತ್ತ ಒಂದು ತೆಳು ಉಂಗುರ ಕತ್ತರಿಸಿ ಬಿತ್ತು. ಅಂದರೆ ಸೀಸ ನಳಿಗೆಯನ್ನು ಪೂರ್ತಿ ತುಂಬಿದೆ ಅಂತ ಅರ್ಥ. ಆಮೇಲೆ ಹಿತ್ತಾಳೆ ಸರಳನ್ನು ನನ್ನ ಕೈಗೆ ಕೊಟ್ಟು, ‘ಮೆಲ್ಲಗೆ ದೂಡು, ಎಲ್ಲಿ ಬಿಗಿಯಾಗುತ್ತೆ ಹೇಳು’ ಅಂದರು. ಮರದ ಕಡ್ಡಿ ಯಾಕೆ ಬೇಡ ಅಂದರೆ ಅದು ಒಳಗೇ ಸೀಳಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಸೀಸ ಒಂದೇ ಹದದಲ್ಲಿ ಜಾರುತ್ತಾ ಹೋಯಿತು. ನಳಿಗೆಯನ್ನು ಫ್ರೇಮಿಗೆ ತಿರುಪಿರುವ ಜಾಗ ಬಂದಾಗ ಸ್ವಲ್ಪ ಬಿಗಿಯಾಯಿತು, ಆಮೇಲೆ ಸಡಿಲ. ಆ ಜಾಗದ ಬಿಗಿ ಕೆಲವು ರಿವಾಲ್ವರುಗಳಲ್ಲಿ ಇರುವಂಥದ್ದೇ. ನನ್ನದರಲ್ಲಿ ಚಿಂತೆ ಮಾಡುವಷ್ಟಿಲ್ಲ ಅಂದರು.

ಹೊರಗೆ ಬಂದ ತುಂಡಿನ ಮೇಲೆ ನಳಿಗೆಯೊಳಗಿನ ಗೀರುಗಳೆಲ್ಲ ಅಚ್ಚಾಗಿದ್ದವು. ಸ್ಮಿತ್ ಅಂಡ್ ವೆಸನ್‌ನಲ್ಲಿ ಈ ಗೀರುಗಳು 5. ಬೆಸ ಸಂಖ್ಯೆ. ಒಂದು ಗೀರಿನ ನೇರ ಎದುರಿಗೆ ಇನ್ನೊಂದು ಗೀರು ಬರುವುದಿಲ್ಲ. ಹಾಗಾಗಿ ಸಾಮಾನ್ಯ ಕ್ಯಾಲಿಪರ್ ಹಿಡಿದರೆ ತಪ್ಪು ಅಳತೆಯೇ ಸಿಗುವುದು. ಅವರ ಹತ್ತಿರ ‘ವಿ’ ಆಕಾರದ ಕಚ್ಚು ಇರುವ ಮೈಕ್ರೋಮೀಟರ್ ಇತ್ತು. ಅದರಲ್ಲಿ ಹಿಡಿದಾಗ 0.357 ಇಂಚು ಬಂತು. ಆಮೇಲೆ ತೋಟೆ ತುಂಬುವ ಸಿಲಿಂಡರಿನ 6 ಕೋಣೆಗಳ ಬಾಯಿಗಳನ್ನೂ ಹಾಗೇ ಅಳೆದೆವು. ಎಲ್ಲ ಹತ್ತಿರ ಹತ್ತಿರ 0.358.

ಅಲ್ಲಿಗೆ ಅರ್ಧ ತೀರ್ಮಾನ ಆಗಿಹೋಯಿತು. ಗುಂಡು ನಳಿಗೆಗಿಂತ ಇಂಚಿನ ಸಾವಿರದಲ್ಲಿ ಒಂದು ಪಾಲಿನಷ್ಟು ದಪ್ಪ ಇರಬೇಕು, ಸಿಲಿಂಡರಿನ ಬಾಯಿಗೆ ಸರಿಯಾಗಿ ಕೂರಬೇಕು. ಅಂದರೆ 0.358. ಗುಂಡು ತೆಳುವಾದರೆ ಬಿಸಿ ಗಾಳಿ ಅದರ ಪಕ್ಕದಿಂದ ನುಗ್ಗುತ್ತದೆ, ಸೀಸವನ್ನು ಕೊರೆಯುತ್ತದೆ, ಆ ಸೀಸ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಗುರಿ ಎಲ್ಲೋ, ಗುಂಡು ಎಲ್ಲೋ. ಹೀಗಾದಾಗ ಜನ ಸೀಸವನ್ನು ಇನ್ನೂ ಗಟ್ಟಿ ಮಾಡಲು ಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ರೋಗ ಒಂದು, ಮದ್ದು ಇನ್ನೊಂದು. .38 ಸ್ಪೆಷಲ್‌ನ ಒತ್ತಡ ಕಡಿಮೆ. ಗಟ್ಟಿ ಗುಂಡು ಅಲ್ಲಿ ಬೇಕಾಗಿಲ್ಲ, ಅಳತೆಗೆ ಸರಿಯಾದ ಗುಂಡು ಬೇಕು. ಗುಂಡಿನ ಬುಡಕ್ಕೆ ತಾಮ್ರದ ಬಟ್ಟಲು ಸಿಕ್ಕಿಸುವ ‘ಗ್ಯಾಸ್ ಚೆಕ್’ ಅಚ್ಚುಗಳನ್ನೂ ಇದೇ ಕಾರಣಕ್ಕೆ ಪಟ್ಟಿಯಿಂದ ತೆಗೆದೆವು. ಈ ವೇಗಕ್ಕೆ ಅದು ದಂಡ.

ಇನ್ನು ಆಕಾರ. ಕಾಗದದ ಗುರಿಗೆ ಎಲ್ಲರೂ ಹೇಳುವುದು 148 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ವ್ಯಾಡ್‌ಕಟರ್. ಮೂತಿಯೇ ಇಲ್ಲದ ಚಪ್ಪಟೆ ಗುಂಡು, ಕಾಗದದಲ್ಲಿ ಗುಂಡಗೆ ಅಚ್ಚುಕಟ್ಟಾದ ತೂತು ಮಾಡುತ್ತದೆ. ಅಂಕ ಎಣಿಸುವುದು ಸುಲಭ. ನನಗೂ ಅದರ ಮೇಲೆ ಆಸೆ ಇತ್ತು. ಆದರೆ ನನ್ನ ಕಣ್ಣು ಇದ್ದದ್ದು ಕ್ಯಾಂಪ್ ಪೆರಿ ಮೇಲೆ. ಈರಿ ಸರೋವರದ ದಡದಲ್ಲಿ, 1907ರಿಂದ ರಾಷ್ಟ್ರೀಯ ಪಂದ್ಯಗಳು ನಡೆಯುವ ಜಾಗ ಅದು. ಇಲ್ಲಿ ಗುರಿ ಹೊಡೆಯುವವರಿಗೆಲ್ಲ ಅಲ್ಲಿ ಒಮ್ಮೆ ನಿಲ್ಲಬೇಕು ಅನ್ನುವ ಹಂಬಲ. ಅಲ್ಲಿನ ಡಿಸ್ಟಿಂಗ್ವಿಶ್ಡ್ ರಿವಾಲ್ವರ್ ಪಂದ್ಯಕ್ಕೆ ವ್ಯಾಡ್‌ಕಟರ್ ನಡೆಯುವುದಿಲ್ಲ. 158 ಗ್ರೇನಿನ ಸೀಸದ ಗುಂಡೇ ಬೇಕು, ದುಂಡು ಮೂತಿಯದ್ದೋ ಮೊಟಕು ಮೂತಿಯ ಸೆಮಿ ವ್ಯಾಡ್‌ಕಟರೋ ಆಗಬೇಕು. 7000 ಗ್ರೇನಿಗೆ ಒಂದು ಪೌಂಡ್. ಹಾಗಾಗಿ 158 ಗ್ರೇನ್ ಅಂದರೆ 10 ಗ್ರಾಂಗಿಂತ ಸ್ವಲ್ಪ ಜಾಸ್ತಿ, ಒಂದು ಪೌಂಡ್ ಸೀಸಕ್ಕೆ 44 ಗುಂಡು. ನಾನು ಸೆಮಿ ವ್ಯಾಡ್‌ಕಟರ್ ಆರಿಸಿದೆ. ಭುಜದ ಅಂಚು ಚೂಪಾಗಿರುವುದರಿಂದ ಇದೂ ಕಾಗದವನ್ನು ಚೆನ್ನಾಗಿಯೇ ಕತ್ತರಿಸುತ್ತದೆ.

ಇದರಲ್ಲಿ ದೊಡ್ಡ ಹೆಸರು ಎಲ್ಮರ್ ಕೀತ್. ಐಡಾಹೋದ ಸಾಲ್ಮನ್ ಊರಿನಲ್ಲಿದ್ದ ಬೇಟೆಗಾರ. ಅವರು ರೂಪಿಸಿದ ಸೆಮಿ ವ್ಯಾಡ್‌ಕಟರ್ ಅಚ್ಚುಗಳನ್ನು ಲೈಮನ್ ಕಂಪನಿ ಮಾಡಿತು. .44ಕ್ಕೆ 429421, .38ಕ್ಕೆ 358429. ಆ ಸಂಖ್ಯೆಯನ್ನು ಓದುವುದು ಗೊತ್ತಾದರೆ ಹಳೆಯ ಅಚ್ಚು ಕಂಡ ಕೂಡಲೇ ಅರ್ಧ ಕಥೆ ಗೊತ್ತಾಗುತ್ತದೆ. ಮೊದಲ ಮೂರು ಅಂಕಿ ದಪ್ಪ, ಉಳಿದದ್ದು ವಿನ್ಯಾಸದ ನಂಬರ್. 358429 ಅಂದರೆ 0.358 ಇಂಚಿನದ್ದು. ಕೀತ್ ಅಚ್ಚಿನ ಹೆಸರು ಕೇಳಿದರೆ ನನಗೂ ರೋಮಾಂಚನ ಆಗುತ್ತದೆ. ಆದರೆ ಅದರ ಗುಂಡು 158 ಗ್ರೇನಿಗಿಂತ ಸಾಕಷ್ಟು ಭಾರ. ನನ್ನ ಪಂದ್ಯಕ್ಕೆ ಬರುವುದಿಲ್ಲ.

ಮರುದಿನ ಹತ್ತಿರದಲ್ಲೇ ಒಂದು ಗನ್ ಶೋ ಇತ್ತು. ಅಲ್ಲಿ ಒಂದು ಮೇಜಿನ ಮೇಲೆ ಕಬ್ಬಿಣದ ಹಳೆಯ ಅಚ್ಚು ಕಂಡಿತು. ಮರದ ಹಿಡಿ, 158 ಗ್ರೇನು, ಬೆಲೆಯೂ ಕಡಿಮೆ. ಹಿರಿಯರು ಅದನ್ನು ಮುಚ್ಚಿ ಟ್ಯೂಬ್‌ಲೈಟಿಗೆ ಹಿಡಿದರು. ಎರಡು ಹೋಳುಗಳ ನಡುವೆ ಬೆಳಕಿನ ಗೆರೆ ಕಂಡಿತು. ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ಅಂಥದ್ದರಲ್ಲಿ ಹೊಯ್ದರೆ ಗುಂಡು ದುಂಡಗೆ ಬರುವುದಿಲ್ಲ, ಪಕ್ಕದಲ್ಲಿ ರೆಕ್ಕೆ ಏಳುತ್ತದೆ. ಆಮೇಲೆ ಬಿಚ್ಚಿ ಗುಳಿಯೊಳಗೆ ಉಗುರು ಆಡಿಸಿದರು. ತುಕ್ಕು ತಿಂದ ಸಣ್ಣ ಸಣ್ಣ ಕಲೆ. ಸೀಸ ಹೊಯ್ಯುವ ತೂತಿರುವ ಮೇಲಿನ ತಟ್ಟೆ, ಸ್ಪ್ರೂ ಪ್ಲೇಟ್ ಅಂತಾರೆ, ಅದರ ಅಂಚಿಗೆ ಯಾರೋ ಕಬ್ಬಿಣದ ಸುತ್ತಿಗೆಯಿಂದ ಬಡಿದು ಬಡಿದು ಲೋಹ ಮುಳ್ಳು ಮುಳ್ಳಾಗಿ ಎದ್ದಿತ್ತು. ಮಾರುವವರಿಗೆ ಥ್ಯಾಂಕ್ಸ್ ಹೇಳಿ ಇಟ್ಟುಬಿಟ್ಟೆವು. ಚೆನ್ನಾಗಿ ನೋಡಿಕೊಂಡ ಕಬ್ಬಿಣದ ಅಚ್ಚು ತಲೆಮಾರುಗಟ್ಟಲೆ ಬಾಳುತ್ತದೆ. ಇದು ಚೆನ್ನಾಗಿ ನೋಡಿಕೊಂಡದ್ದಲ್ಲ.

ಕಬ್ಬಿಣವೋ ಅಲ್ಯೂಮಿನಿಯಮೋ ಎನ್ನುವ ವಾದ ಕ್ಲಬ್ಬಿನಲ್ಲಿ ಮುಗಿಯುವುದೇ ಇಲ್ಲ. ಕಬ್ಬಿಣ ನಿಧಾನ ಕಾಯುತ್ತದೆ, ಕಾದ ಮೇಲೆ ಬಿಸಿ ಬಿಡುವುದಿಲ್ಲ, ಆದರೆ ಭಾರ, ಎಣ್ಣೆ ಹಚ್ಚಿಡದಿದ್ದರೆ ತುಕ್ಕು. ಅಲ್ಯೂಮಿನಿಯಂ ಹಗುರ, ಬೇಗ ಕಾಯುತ್ತದೆ, ತುಕ್ಕಿಲ್ಲ, ಬೆಲೆ ಕಡಿಮೆ. ಆದರೆ ಮೆತ್ತನೆ ಲೋಹ, ಒರಟಾಗಿ ಬಳಸಿದರೆ ಕೆಡುತ್ತದೆ. ಹಿತ್ತಾಳೆಯದ್ದೂ ಇದೆ, ನೋಡಲು ಚಂದ, ಕೈಗೆ ಬಲು ಭಾರ. ಹೊಸಬನಾದ ನಾನು ವಿಸ್ಕಾನ್ಸಿನ್‌ನ ಲೀ ಕಂಪನಿಯ ಎರಡು ಗುಳಿಯ ಅಲ್ಯೂಮಿನಿಯಂ ಅಚ್ಚು ತರಿಸಿದೆ. ಹೆಸರು ಟಿಎಲ್358-158-ಎಸ್‌ಡಬ್ಲ್ಯೂಸಿ. ಹಿಡಿ ಅದರ ಜೊತೆಗೇ ಬರುತ್ತದೆ. ಇದರ ಗುಂಡಿಗೆ ಮೈತುಂಬ ಸಣ್ಣ ಸಣ್ಣ ಗೀರು. ದ್ರವದ ಲೂಬ್ರಿಕೆಂಟ್ ಹಾಕಿದ ಡಬ್ಬಿಯಲ್ಲಿ ಹೊರಳಿಸಿ ಒಣಗಿಸಿದರೆ ಸಾಕು. ಅಳತೆ ಸರಿಯಿದ್ದರೆ ಗುಂಡನ್ನು ಒತ್ತಿ ಸಣ್ಣ ಮಾಡುವ ಉಪಕರಣವೂ ಬೇಡ.

ಒಂದು ವಿಷಯ ಕ್ಯಾಟಲಾಗಿನಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅಚ್ಚಿನ ಮೇಲೆ ಬರೆದ ದಪ್ಪ, ತೂಕ ಎರಡೂ ಒಂದು ನಿರ್ದಿಷ್ಟ ಮಿಶ್ರಲೋಹಕ್ಕೆ ಲೆಕ್ಕ ಹಾಕಿದ್ದು. ಸೀಸವನ್ನು ಗಟ್ಟಿ ಮಾಡುವ ಆಂಟಿಮನಿ ಜಾಸ್ತಿ ಇದ್ದರೆ ಗುಂಡು ತುಸು ದಪ್ಪ, ತುಸು ಹಗುರ. ಶುದ್ಧ ಸೀಸವಾದರೆ ತುಸು ತೆಳು, ತುಸು ಭಾರ. ಆದ್ದರಿಂದ ಅಚ್ಚನ್ನು ಆರಿಸುವಾಗಲೇ ಯಾವ ಲೋಹ ಹೊಯ್ಯುತ್ತೇವೆ ಅಂತ ಗೊತ್ತಿರಬೇಕು. ನಮ್ಮದು ಕಾರಿನ ಚಕ್ರಕ್ಕೆ ಬಡಿಯುವ ಹಳೆಯ ಸೀಸದ ತೂಕಗಳು, ಜೊತೆಗೆ ಸ್ವಲ್ಪ ತವರ. ತವರ ಇದ್ದರೆ ಸೀಸ ಗುಳಿಯ ಮೂಲೆ ಮೂಲೆಗೂ ಚೆನ್ನಾಗಿ ತುಂಬಿಕೊಳ್ಳುತ್ತದೆ. ಹೊಸ ಚಕ್ರದ ತೂಕಗಳಲ್ಲಿ ಸತುವಿನವೂ ಬೆರೆತಿರುತ್ತವೆ. ಸೀಸ 327 ಡಿಗ್ರಿಗೆ ಕರಗುತ್ತದೆ, ಸತು ಸುಮಾರು 420ಕ್ಕೆ. ಉರಿ ಹದ್ದುಬಸ್ತಿನಲ್ಲಿದ್ದರೆ ಸತುವಿನ ತುಂಡು ಕರಗದೆ ಮೇಲೆ ತೇಲುತ್ತದೆ, ಎತ್ತಿ ಹಾಕಬಹುದು. ಕರಗಿ ಸೇರಿಕೊಂಡರೆ ಆ ಪಾತ್ರೆಯ ಸೀಸ ಗುಳಿಗೆ ಸರಿಯಾಗಿ ತುಂಬುವುದೇ ಇಲ್ಲ.

ಮನೆಯಲ್ಲಿ ಹೆಂಡತಿಯ ಷರತ್ತು ಒಂದೇ ಇತ್ತು. ‘ಏನಾದ್ರೂ ಮಾಡಿ, ಆದ್ರೆ ಆ ಸೀಸದ ಧೂಳು ನಮ್ಮ ಮನೆ ಹೊಸ್ತಿಲು ದಾಟಬಾರದು.’ ಮಗಳು ಇನ್ನೂ ನೆಲದಲ್ಲಿ ಆಡುವ ವಯಸ್ಸು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಇದ್ದರೇ ಎಚ್ಚರ ವಹಿಸಬೇಕು ಅಂತ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಮಿತಿ ಇಳಿಸಿತು. ಅದಕ್ಕೆ ಮನೆಯಲ್ಲಿ ಎರಕ ಬೇಡವೇ ಬೇಡ ಅಂತ ತೀರ್ಮಾನಿಸಿ ಹಿರಿಯರ ಗ್ಯಾರೇಜಿನಲ್ಲೇ ಹೊಯ್ಯುವುದು ಅಂತಾಯಿತು. ಬಾಗಿಲು ಪೂರ್ತಿ ತೆರೆದು ಫ್ಯಾನ್ ಹಾಕುತ್ತೇವೆ. ಅಲ್ಲಿ ತಿಂಡಿ, ಕಾಫಿ ಇಲ್ಲ. ಬಟ್ಟೆ, ಶೂ ಅಲ್ಲಿಯೇ ಬಿಟ್ಟು, ಕೈ ಮುಖ ತೊಳೆದು ಬರುತ್ತೇನೆ. ಶುರು ಮಾಡುವ ಮೊದಲೇ ನನ್ನ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿಕೊಂಡೆ. ಮುಂದೆ ಹೋಲಿಸಲು ಒಂದು ಲೆಕ್ಕ ಬೇಕಲ್ವಾ? ಇನ್ನೊಂದು ಕಟ್ಟುನಿಟ್ಟು, ನೀರು. ಕರಗಿದ ಸೀಸದೊಳಗೆ ಒಂದು ಹನಿ ನೀರು ಹೊಕ್ಕರೂ ಅದು ಆವಿಯಾಗಿ ಸಿಡಿದು ಪಾತ್ರೆಯ ಸೀಸವೆಲ್ಲ ಮುಖಕ್ಕೆ ಎರಚುತ್ತದೆ. ಕನ್ನಡಕ, ಚರ್ಮದ ಗ್ಲೌಸ್, ಉದ್ದ ತೋಳಿನ ಹತ್ತಿ ಅಂಗಿ ಇಲ್ಲದೆ ಅವರು ಯಾರನ್ನೂ ಪಾತ್ರೆ ಹತ್ತಿರ ಬಿಡುವುದಿಲ್ಲ.

ಅಚ್ಚು ಬಂದ ವಾರಾಂತ್ಯವೇ ಹೊಯ್ದೆವು. ಹೊಸ ಅಚ್ಚಿಗೆ ಕಾರ್ಖಾನೆಯ ಎಣ್ಣೆ ಅಂಟಿರುತ್ತದೆ, ಅದನ್ನು ಮೊದಲು ತೊಳೆದು ಚೆನ್ನಾಗಿ ಒಣಗಿಸಿದೆವು. ಅಚ್ಚು ಕಾಯುವುದೂ ದೋಸೆ ಹೆಂಚು ಕಾದ ಹಾಗೇ, ಮೊದಲ ಕೆಲವು ಸರಿಯಾಗಿ ಏಳುವುದಿಲ್ಲ. ಸುಕ್ಕು ಸುಕ್ಕಾದ ಗುಂಡುಗಳು ಬಿದ್ದವು, ಅವನ್ನೆಲ್ಲ ಆಮೇಲೆ ಕರಗಿಸುವುದಕ್ಕೆ ಪಕ್ಕಕ್ಕೆ ಹಾಕಿದೆವು. ಅಚ್ಚು ಹದಕ್ಕೆ ಬಂದ ಮೇಲೆ ನೋಡಬೇಕಾದದ್ದು ತಟ್ಟೆಯ ಮೇಲೆ ಉಳಿಯುವ ಸೀಸದ ಬೊಟ್ಟು. ಹೊಯ್ದ ಕ್ಷಣ ಪಳಪಳ ಹೊಳೆಯುತ್ತದೆ, ಆಮೇಲೆ ಥಟ್ಟನೆ ಮಂಕಾಗಿ ನಡುವೆ ಒಂದು ಕುಳಿ ಬೀಳುತ್ತದೆ. ಇನ್ನೊಂದೆರಡು ಉಸಿರು ಕಾದು ಮರದ ಕೋಲಿನಿಂದ ತಟ್ಟೆಯನ್ನು ತಟ್ಟಿದರೆ ಬೊಟ್ಟು ಕತ್ತರಿಸಿಕೊಳ್ಳುತ್ತದೆ. ಹಿಡಿ ಬಿಚ್ಚಿದರೆ ಎರಡು ಗುಂಡು ಮಡಿಸಿದ ಟವೆಲ್ ಮೇಲೆ. ಬೀಳದಿದ್ದರೆ ಹಿಡಿಯ ತಿರುಪಿನ ಮೇಲೆ ಒಂದು ಏಟು, ಅಚ್ಚಿನ ಮೈಮೇಲೆ ಎಂದೂ ಇಲ್ಲ.

ಆರಿದ ಮೇಲೆ ಹಿರಿಯರು ಒಂದೊಂದನ್ನೂ ಮೈಕ್ರೋಮೀಟರಿಗೆ ಹಿಡಿದರು. 0.358ಕ್ಕೂ 0.359ಕ್ಕೂ ನಡುವೆ. ತೂಕ 158ರ ಆಸುಪಾಸು. ಸಿಲಿಂಡರಿನ ಬಾಯಿಗೆ ಒಂದನ್ನು ಇಟ್ಟು ಬೆರಳಿನಿಂದ ಒತ್ತಿದೆ. ಸ್ವಲ್ಪ ತಡೆದು ಒಳಗೆ ಹೋಯಿತು. ಬೇಕಾಗಿದ್ದದ್ದು ಅದೇ.

ಮುಂದಿನ ವಾರ 25 ಗಜದಲ್ಲಿ ಹೊಡೆದು ನೋಡಿದೆ. ಗುಂಡುಗಳು ಒಂದರ ಪಕ್ಕ ಒಂದು ಕೂತವು, ಅಂಗಡಿ ತೋಟೆಗಳಿಗಿಂತ ಒತ್ತಾಗಿ. ಮನೆಗೆ ಬರುವ ಮೊದಲು ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿದೆವು, ಎಲ್ಲೂ ಸೀಸ ಮೆತ್ತಿಕೊಂಡಿರಲಿಲ್ಲ. ಈಗ ಕ್ಲಬ್ಬಿನಲ್ಲಿ ಕೆಲವರು ಆರು ಗುಳಿಯ ಅಚ್ಚು ತಗೋ, ಬೇಗ ಬೇಗ ಹೊಯ್ಯಬಹುದು ಅನ್ನುತ್ತಾರೆ. ಅದು ಕೈಗೆ ಭಾರ, ಬಿಸಿಯ ಹದ ಹಿಡಿಯುವುದೂ ಕಷ್ಟ. ಕ್ಯಾಂಪ್ ಪೆರಿಗೆ ಬೇಕಾದಷ್ಟನ್ನು ಈ ಎರಡು ಗುಳಿಯದರಲ್ಲೇ ಹೊಯ್ದುಕೊಳ್ಳುತ್ತೇನೆ ಅಂತ ಹೇಳಿದ್ದೇನೆ. ಹಿರಿಯರೂ ಸರಿ ಅಂದಿದ್ದಾರೆ.