ಒರೆಸಿ ಹಾಕಿದ ಪೀಕ್‌ಗಳು

ಆ ಗುರುವಾರದ ಗ್ರೂಪ್ ಮೀಟಿಂಗ್ ನೆನಪಾದರೆ ಈಗಲೂ ಹೊಟ್ಟೆಯೊಳಗೆ ಚುರ್ ಅನ್ನುತ್ತದೆ.

ಕೆಪ್ಲರ್ ಬಾಹ್ಯಾಕಾಶ ದೂರದರ್ಶಕ ನೋಡಿದ ಕೆಂಪು ದೈತ್ಯ ನಕ್ಷತ್ರಗಳ ಪಟ್ಟಿ ನನ್ನ ಪಾಲಿನದು. ನಕ್ಷತ್ರದ ಕಂಪನದಲ್ಲಿ ನ್ಯೂ ಮ್ಯಾಕ್ಸ್ (ಕಂಪನ ಅತಿ ಜೋರಾಗಿರುವ ಆವರ್ತನ), ಡೆಲ್ಟಾ ನ್ಯೂ (ಒಂದೇ ಬಗೆಯ ಪೀಕ್‌ಗಳ ನಡುವಿನ ಅಂತರ) ಅಳೆದು, ಒಂದೊಂದಕ್ಕೂ ಆರ್‌ಜಿಬಿ (ತಿರುಳಿನಲ್ಲಿ ಹೀಲಿಯಂ ಇನ್ನೂ ಹೊತ್ತಿಕೊಳ್ಳದ್ದು) ಅಥವಾ ಕ್ಲಂಪ್ (ಹೊತ್ತಿಕೊಂಡದ್ದು) ಅಂತ ಬರೆಯಬೇಕು. ಪರದೆ ಮೇಲೆ ಡೆಲ್ಟಾ ನ್ಯೂ 4 ಮೈಕ್ರೋಹರ್ಟ್ಸ್ ಇರುವ ನಕ್ಷತ್ರ ಬಂತು. "ಇದು ಆರ್‌ಜಿಬಿ" ಅಂದೆ, ಧೈರ್ಯವಾಗಿ.

ಹೊಸದಾಗಿ ಸೇರಿದ ಹುಡುಗಿ ಕೇಳಿದಳು: "ಅಕ್ಕಾ, ಡೈಪೋಲ್ ಮೋಡ್ ಯಾಕೆ ಒಂದೇ ಗುಡ್ಡೆ ಥರ ಇದೆ? ನಾಲ್ಕು ವರ್ಷದ ಡೇಟಾ ಅಲ್ವಾ?" ಡೈಪೋಲ್ ಮೋಡ್ ಅಂದರೆ ನಕ್ಷತ್ರದ ಒಂದು ಅರ್ಧ ಹಿಗ್ಗಿದಾಗ ಇನ್ನೊಂದು ಅರ್ಧ ಕುಗ್ಗುವ ಕಂಪನ.

"ನಾಯ್ಸ್ ಜಾಸ್ತಿ ಇತ್ತು, ಸ್ಮೂತ್ ಮಾಡಿದೆ." ಅಂದರೆ ಅಕ್ಕಪಕ್ಕದ ಬಿಂದುಗಳ ಸರಾಸರಿ ತೆಗೆದು ಗೆರೆಯನ್ನು ನುಣುಪು ಮಾಡಿದ್ದೆ.

"ಎಷ್ಟು ಅಗಲ ಕೊಟ್ಟಿದ್ದೀಯ?" ಮೇಡಂ ಕೇಳಿದರು.

ಕಾನ್ಫಿಗ್ ಫೈಲ್ ತೆರೆದೆ. 0.5 ಮೈಕ್ರೋಹರ್ಟ್ಸ್. ಯಾರೂ ಮಾತಾಡಲಿಲ್ಲ. ಹೊರಗೆ ಮಳೆ ಜೋರಾಗಿತ್ತು. ಸ್ಮೂತಿಂಗ್ ತೆಗೆದು ಮತ್ತೆ ರನ್ ಮಾಡಿದೆ. ಎರಡು ನಿಮಿಷ ಹಿಡಿಯಿತು, ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. ಗುಡ್ಡೆ ಇದ್ದ ಜಾಗದಲ್ಲಿ ಬಾಚಣಿಗೆ ಹಲ್ಲಿನ ಥರ ಪೀಕ್‌ಗಳು ಎದ್ದವು.

ಆ ಫೈಲ್ ಟೆಸ್ ಅನ್ನುವ ಇನ್ನೊಂದು ಬಾಹ್ಯಾಕಾಶ ದೂರದರ್ಶಕದ ಡೇಟಾ ಮೇಲೆ ನಾನು ಮಾಡಿದ ಹಳೆಯ ಕೆಲಸದ್ದು. ಟೆಸ್‌ನ ಒಂದು ಸೆಕ್ಟರ್ (ಆಕಾಶದ ಒಂದು ಭಾಗವನ್ನು ನೋಡುವ ಸರದಿ) 27 ದಿನ, ಅದರ ರೆಸಲ್ಯೂಷನ್ನೇ, ಅಂದರೆ ಬಿಡಿಸಿ ತೋರಿಸಬಲ್ಲ ಅತಿ ಚಿಕ್ಕ ಅಂತರವೇ, 0.43 ಮೈಕ್ರೋಹರ್ಟ್ಸ್. ಅಲ್ಲಿ ಈ ಅಗಲದಿಂದ ತೊಂದರೆಯಿಲ್ಲ. ಕೆಪ್ಲರ್‌ನ ನಾಲ್ಕು ವರ್ಷ 0.008ರವರೆಗೆ ಬಿಡಿಸಿ ತೋರಿಸುತ್ತದೆ. ಅದನ್ನೆಲ್ಲ ನಾನೇ ಒರೆಸಿ ಹಾಕಿದ್ದೆ.

ಒರೆಸಿದ್ದು ಸುಮ್ನೆ ಪೀಕ್‌ಗಳನ್ನಲ್ಲ. ಅವು ಮಿಕ್ಸ್‌ಡ್ ಮೋಡ್‌ಗಳು. ಹೊರಪದರದಲ್ಲಿ ಶಬ್ದದ ಅಲೆ, ಒಳಗೆ ತಿರುಳಿನಲ್ಲಿ ಗ್ರಾವಿಟಿ ಅಲೆ (ತೇಲುವಿಕೆಯಿಂದ ಏಳುವ ಅಲೆ, ಗುರುತ್ವ ತರಂಗವಲ್ಲ), ಎರಡೂ ಕೂಡಿ ಹುಟ್ಟಿದವು. ಅವುಗಳ ನಡುವಿನ ಪೀರಿಯಡ್ ಸ್ಪೇಸಿಂಗ್ (ಅಕ್ಕಪಕ್ಕದ ಪೀಕ್‌ಗಳ ಕಂಪನದ ಅವಧಿಯಲ್ಲಿನ ವ್ಯತ್ಯಾಸ) ಸುಮಾರು 50 ಸೆಕೆಂಡ್ ಇದ್ದರೆ, ತಿರುಳಿನ ಸುತ್ತ ಹೈಡ್ರೋಜನ್ ಮಾತ್ರ ಉರಿಯುತ್ತಿದೆ ಅಂತ. 100ರಿಂದ 300 ಇದ್ದರೆ ತಿರುಳಿನಲ್ಲೇ ಹೀಲಿಯಂ ಹೊತ್ತಿಕೊಂಡಿದೆ. 2011ರಲ್ಲಿ ಖಗೋಳ ವಿಜ್ಞಾನಿ ಟಿಮ್ ಬೆಡ್ಡಿಂಗ್ ಅವರ ತಂಡ ಇದನ್ನು ತೋರಿಸಿತು. ಹೊರಗಿನಿಂದ ಎರಡೂ ಒಂದೇ ಥರ ಕಾಣುವ ನಕ್ಷತ್ರಗಳು. ಅಷ್ಟು ದೂರದ ನಕ್ಷತ್ರದ ಹೊಟ್ಟೆಯೊಳಗಿನ ಸುದ್ದಿ ನಮ್ಮ ಕೈಗೆ ಬರುವ ದಾರಿ ಇದೊಂದೇ ಅನ್ನಬೇಕು. ನಮ್ಮ ನಕ್ಷತ್ರದ್ದು 100ಕ್ಕಿಂತ ಎಷ್ಟೋ ಮೇಲಿತ್ತು. ಕ್ಲಂಪ್.

ನಮ್ಮ ಪೈಪ್‌ಲೈನ್ (ಡೇಟಾ ಲೆಕ್ಕ ಹಾಕುವ ಪ್ರೋಗ್ರಾಂ) ಮೇಲೂ ನನಗೆ ಸಿಟ್ಟಿತ್ತು. ಫಿಟ್ ಮುಗಿದರೆ ಹಸಿರು ಅಕ್ಷರದಲ್ಲಿ ಓಕೆ ಅನ್ನುತ್ತಿತ್ತು, ಸ್ಮೂತಿಂಗ್ ಎಷ್ಟು ಅಂತ ಪ್ಲಾಟ್ ಮೇಲೆ ಬರೆಯುತ್ತಿರಲಿಲ್ಲ. ಬದಲಾಯಿಸಿ ಅಂತ ಮೊದಲೇ ಕೇಳಿದ್ದೆವು, ಯಾರಿಗೂ ಪುರುಸೊತ್ತಿರಲಿಲ್ಲ. ಆದರೂ ಫೈಲ್ ತೆರೆದು ನೋಡಬೇಕಾಗಿದ್ದವಳು ನಾನು.

ಇಡೀ ಪಟ್ಟಿಯನ್ನು ಮತ್ತೆ ಓಡಿಸಲು ಒಂಬತ್ತು ದಿನ ಬೇಕಾಯಿತು. ಆ ಹುಡುಗಿ ನನ್ನ ಜೊತೆ ಕೂತು ಪ್ಲಾಟ್ ಕೋಡ್ ಬದಲಾಯಿಸಿದಳು. ಈಗ ಸ್ಮೂತಿಂಗ್ ಅಗಲ ಪ್ಲಾಟ್‌ನ ತಲೆಯಲ್ಲೇ ಬರುತ್ತದೆ, ದಪ್ಪ ಅಕ್ಷರದಲ್ಲಿ.